ಮೇಜಿನ ಸುತ್ತ ಓದು: ಕೊಲಂಬಿಯಾದ ಗ್ರಂಥಸಂವಾದ ಮತ್ತು ದೈವಜ್ಞಾನದ ವಿದ್ಯಾರ್ಥಿ

ದೈವಜ್ಞಾನ ವಿದ್ಯಾಲಯಗಳಲ್ಲಿ ಗ್ರಂಥಗಳನ್ನು ಓದುವ ನಮ್ಮದೇ ಆದ ಬಗೆಯೊಂದುಂಟು. ಅಗಸ್ಟಿನನು ನಮಗೆ ದೊರಕುವುದು ಕೃಪೆಯ ಸಿದ್ಧಾಂತದ ಅಧ್ಯಾಯದಲ್ಲಿ, ಪೆಲಾಗಿಯನ ಎದುರಾಳಿಯಾಗಿ. ಅವನ ವಾದವನ್ನು ನಾಲ್ಕು ಅಂಶಗಳಲ್ಲಿ ಬರೆದುಕೊಂಡು ಪರೀಕ್ಷೆಗೆ ಅಣಿಯಾಗುತ್ತೇವೆ. ಅವನ ಪುಸ್ತಕವನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದವರು ನಮ್ಮಲ್ಲಿ ಎಷ್ಟು ಮಂದಿ? ಇದನ್ನು ಬರೆಯುತ್ತಿರುವ ನಾವೂ ಟಿಪ್ಪಣಿಗಳಿಂದಲೇ ಕಲಿತವರಾದ್ದರಿಂದ ಯಾರನ್ನೂ ದೂರುವ ಅಧಿಕಾರ ನಮಗಿಲ್ಲ. ಆದರೆ ಅದೇ ಅಗಸ್ಟಿನನನ್ನು ಸಿದ್ಧಾಂತದ ಕಾವಲಿಲ್ಲದೆ, ಹೋಮರನ ಪಕ್ಕದಲ್ಲಿರಿಸಿ, ಹಲವು ಮತಗಳ ಯುವಕರು ಚರ್ಚಿಸಿದ ತರಗತಿಯೊಂದರ ಚರಿತ್ರೆಯಿದೆ. ಅದನ್ನು ಇಲ್ಲಿ ಪರಿಶೀಲಿಸಬೇಕೆಂದಿದ್ದೇವೆ.

ಆ ಚರಿತ್ರೆ ನ್ಯೂಯಾರ್ಕ್ ನಗರದ ಕೊಲಂಬಿಯಾ ಕಾಲೇಜಿನದು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಜಾನ್ ಅರ್ಸ್ಕಿನ್ ಮೊದಲನೆಯ ಮಹಾಯುದ್ಧದ ಹೊತ್ತಿಗೇ ಒಂದು ಯೋಜನೆಯನ್ನು ಮುಂದಿಟ್ಟಿದ್ದರು: ವಾರಕ್ಕೊಂದು ಮಹಾಗ್ರಂಥ, ಇಂಗ್ಲಿಷ್ ಅನುವಾದದಲ್ಲಿ, ಉಪನ್ಯಾಸವಿಲ್ಲ, ವಾರಕ್ಕೊಂದು ಸಂಜೆ ಮೇಜಿನ ಸುತ್ತ ಎರಡು ತಾಸಿನ ಚರ್ಚೆ ಮಾತ್ರ. ಸಹೋದ್ಯೋಗಿಗಳು ಬಲವಾಗಿ ವಿರೋಧಿಸಿದರು. ಯುದ್ಧಾನಂತರ, 1920ರಲ್ಲಿ, ‘ಜನರಲ್ ಆನರ್ಸ್’ ಎಂಬ ಹೆಸರಿನಲ್ಲಿ ಈ ಪಠ್ಯಕ್ರಮ ಆರಂಭವಾಯಿತು. ಪ್ರತಿ ಗುಂಪಿಗೆ ಇಬ್ಬರು ಅಧ್ಯಾಪಕರು. ಒಬ್ಬರೇ ಇದ್ದರೆ ಅವರ ಮಾತೇ ತೀರ್ಪಾಗಿಬಿಡುತ್ತದೆ. ಇಬ್ಬರಿದ್ದು ಅವರಲ್ಲೇ ಭಿನ್ನಾಭಿಪ್ರಾಯ ಮೂಡಿದರೆ ವಿದ್ಯಾರ್ಥಿಗೆ ತನ್ನ ಬುದ್ಧಿಯನ್ನು ಬಳಸದೆ ಗತ್ಯಂತರವಿಲ್ಲ. ಈ ಸಣ್ಣ ಏರ್ಪಾಟು ಬಹಳ ಜಾಣತನದ್ದೆಂದು ನಮಗೆ ತೋರುತ್ತದೆ.

ವಿರೋಧಿಗಳ ಆಕ್ಷೇಪಗಳಲ್ಲಿ ಒಂದು ನಮ್ಮಂಥವರನ್ನು ನೇರವಾಗಿ ತಟ್ಟುವಂಥದು. ಮೂಲ ಭಾಷೆಯನ್ನರಿಯದೆ ಒಂದು ವಾರದಲ್ಲಿ ಓದಿ ಮುಗಿಸುವುದು ಓದೇ ಅಲ್ಲವೆಂದು ಪಂಡಿತರು ಹೇಳಿದರು. ಆ ಗ್ರಂಥಗಳು ಹುಟ್ಟಿದ್ದು ವಿದ್ವಾಂಸರಿಗಾಗಿ ಅಲ್ಲ, ತಮ್ಮ ಕಾಲದ ಸಾಮಾನ್ಯ ಓದುಗರಿಗಾಗಿ ಎಂಬುದು ಅರ್ಸ್ಕಿನ್ನರ ಉತ್ತರದ ತಿರುಳು. ಸಭೆಯ ಚರಿತ್ರೆಯನ್ನು ಬಲ್ಲವರಿಗೆ ಈ ವಾದ ಹೊಸತಲ್ಲ. ಗ್ರೀಕ್ ಯೆಹೂದ್ಯರು ಮೋಶೆಯನ್ನು ಗ್ರೀಕಿನಲ್ಲಿ ಓದಿದರು. ಬಾಲ್ಯದಲ್ಲಿ ಗ್ರೀಕ್ ಪಾಠವನ್ನು ದ್ವೇಷಿಸಿದೆನೆಂದು ಒಪ್ಪಿಕೊಂಡ ಅಗಸ್ಟಿನನು ಸತ್ಯವೇದವನ್ನು ಓದಿದ್ದು ಲ್ಯಾಟಿನ್ ಅನುವಾದದಲ್ಲಿ. 1831ರ ಹೊತ್ತಿಗೆ ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಮತ್ತು ಅವರ ಸಹಾಯಕರ ದುಡಿಮೆಯಿಂದ ಸಂಪೂರ್ಣ ಸತ್ಯವೇದವು ಕನ್ನಡದಲ್ಲಿ ಅಚ್ಚಾಗದಿದ್ದರೆ ನಮ್ಮ ಹಳ್ಳಿಯ ಸಭೆಗಳು ಏನನ್ನು ಓದುತ್ತಿದ್ದವು? ಅನುವಾದದಲ್ಲಿ ಓದಿದ್ದು ಓದಲ್ಲವೆಂದರೆ ಕ್ರೈಸ್ತ ಸಭೆಯ ಬಹುಭಾಗ ಇಂದಿಗೂ ಏನನ್ನೂ ಓದಿಲ್ಲವೆಂದೇ ಹೇಳಬೇಕಾಗುತ್ತದೆ.

‘ಜನರಲ್ ಆನರ್ಸ್’ ಸುಮಾರು ಒಂದು ದಶಕದಲ್ಲಿ ನಿಂತುಹೋಯಿತು. ಅದರ ಸಂತತಿ ಮಾತ್ರ ಬೆಳೆಯಿತು. ಅಲ್ಲಿ ಕಲಿತು ಕಲಿಸಿದ ಮಾರ್ಟಿಮರ್ ಆ್ಯಡ್ಲರ್ 1930ರಲ್ಲಿ ರಾಬರ್ಟ್ ಹಚಿನ್ಸರೊಡನೆ ಷಿಕಾಗೊದಲ್ಲಿ ಇಂಥದೇ ತರಗತಿ ತೆರೆದರು. ಬ್ಯಾಪ್ಟಿಸ್ಟರು ಸ್ಥಾಪಿಸಿದ ವಿಶ್ವವಿದ್ಯಾಲಯದಲ್ಲಿ ನಾಸ್ತಿಕ ಅಧ್ಯಾಪಕರು ಯೆಹೂದ್ಯ ವಿದ್ಯಾರ್ಥಿಗಳಿಗೆ ಕಥೋಲಿಕ ತತ್ತ್ವಶಾಸ್ತ್ರವನ್ನು ಕಲಿಸುತ್ತಾರೆಂಬ ಹಾಸ್ಯ ಆಗ ಹುಟ್ಟಿಕೊಂಡದ್ದು ಅಕ್ವಿನಾಸನ ಮೇಲೆ ಆ್ಯಡ್ಲರರಿಗಿದ್ದ ಮೋಹದಿಂದಾಗಿ. 1937ರಲ್ಲಿ ಅನಾಪೊಲಿಸ್ ಪಟ್ಟಣದ ಸೇಂಟ್ ಜಾನ್ಸ್ ಕಾಲೇಜು ತನ್ನ ಇಡೀ ಪಠ್ಯಕ್ರಮವನ್ನೇ ಈ ಬಗೆಯ ಸಂವಾದಕ್ಕೆ ಒಪ್ಪಿಸಿತು. ಅಲ್ಲಿ ಅಧ್ಯಾಪಕರಿಗೆ ಪ್ರಾಧ್ಯಾಪಕರೆಂಬ ಹೆಸರೂ ಇಲ್ಲ. ಅದೇ ವರ್ಷ ಕೊಲಂಬಿಯಾದಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳೆಲ್ಲರಿಗೂ ಇಂಥ ಓದು ಕಡ್ಡಾಯವಾಯಿತು.

ಪ್ರಶ್ನೆಯಿಂದ ಕಲಿಸುವುದು ಒಬ್ಬ ವಿದ್ಯಾರ್ಥಿಯಲ್ಲಿ ಏನನ್ನು ಮಾಡಬಲ್ಲುದೆಂಬುದಕ್ಕೆ ನಮ್ಮ ಓದುಗರಲ್ಲಿ ಹಲವರು ಬಲ್ಲ ಒಂದು ಸಾಕ್ಷ್ಯವಿದೆ. 1935ರಲ್ಲಿ ಕೊಲಂಬಿಯಾ ಸೇರಿದ ಥಾಮಸ್ ಮರ್ಟನ್ ಆಗ ಯಾವ ಸಭೆಗೂ ಮನಸ್ಸು ಕೊಟ್ಟವರಲ್ಲ. ಒಂದು ದಿನ ತಪ್ಪು ಕೊಠಡಿಗೆ ಹೋಗಿ ಕುಳಿತರು. ಅಲ್ಲಿ ಮಾರ್ಕ್ ವ್ಯಾನ್ ಡೋರನ್ ಷೇಕ್ಸ್‌ಪಿಯರನನ್ನು ಕಲಿಸುತ್ತಿದ್ದರು. ವ್ಯಾನ್ ಡೋರನ್ ಹಿಂದೆ ಆ್ಯಡ್ಲರರ ಜೊತೆಗೂಡಿ ‘ಜನರಲ್ ಆನರ್ಸ್’ ಗುಂಪನ್ನು ನಡೆಸಿದವರು. ಆ ಮೇಜಿನ ಅಭ್ಯಾಸವನ್ನು ತಮ್ಮ ಇತರ ತರಗತಿಗಳಿಗೂ ತಂದಿದ್ದರು. ಮರ್ಟನ್ ಎದ್ದುಹೋಗದೆ ಅಲ್ಲಿಯೇ ಉಳಿದರು. 1948ರಲ್ಲಿ ಪ್ರಕಟವಾದ ತಮ್ಮ ಆತ್ಮಕಥೆಯಲ್ಲಿ ಅವರು ಆ ಗುರುವನ್ನು ನೆನೆಯುವುದು ಹೀಗೆ: ಅವರು ಹೆಚ್ಚಾಗಿ ಕೇಳುತ್ತಿದ್ದುದು ಪ್ರಶ್ನೆಗಳನ್ನೇ, ಉತ್ತರಿಸಹೊರಟವನು ತನಗೆ ತಿಳಿದಿದೆಯೆಂದು ತನಗೇ ಗೊತ್ತಿರದಿದ್ದ ಸಂಗತಿಗಳನ್ನು ಹೇಳುತ್ತಿದ್ದನು. ವ್ಯಾನ್ ಡೋರನ್ ಮತಪ್ರಚಾರಕರಲ್ಲ, ಕಥೋಲಿಕರೂ ಅಲ್ಲ. ಆದರೂ ಮುಂದೆ ತಾನು ಸ್ಕೊಲಾಸ್ಟಿಕ್ ತತ್ತ್ವಶಾಸ್ತ್ರವನ್ನು ಗ್ರಹಿಸುವಂತೆ ತನ್ನ ಬುದ್ಧಿಯನ್ನು ಹದಗೊಳಿಸಿದವರು ಅವರೇ ಎಂದು ಮರ್ಟನ್ ಕೃತಜ್ಞತೆಯಿಂದ ಬರೆಯುತ್ತಾರೆ.

ಆ ಹದಗೊಂಡ ಬುದ್ಧಿ ಬೇಗನೆ ಪರೀಕ್ಷೆಗೊಳಗಾಯಿತು. 1937ರ ಫೆಬ್ರವರಿಯಲ್ಲಿ, ಮಧ್ಯಯುಗದ ಫ್ರೆಂಚ್ ಸಾಹಿತ್ಯದ ತರಗತಿಗೆ ಸೇರಿದ್ದ ಮರ್ಟನ್, ಎಟಿಯೆನ್ ಜಿಲ್ಸನ್ನರು ಮಧ್ಯಯುಗದ ತತ್ತ್ವಶಾಸ್ತ್ರವನ್ನು ಕುರಿತು ಬರೆದ ಪುಸ್ತಕವನ್ನು ಕೊಂಡರು. ಮನೆಗೆ ಮರಳುವ ರೈಲಿನಲ್ಲಿ ಅದನ್ನು ತೆರೆದರೆ ಒಳಪುಟದಲ್ಲಿ ಸಭೆಯ ಪರಿಶೀಲಕರ ಅನುಮತಿಯ ಸಾಲುಗಳು! ಮೋಸಹೋದೆನೆಂಬ ಭಾವನೆ, ಅಸಹ್ಯ. ಪುಸ್ತಕವನ್ನು ಕಿಟಕಿಯಿಂದ ಎಸೆದುಬಿಡಬೇಕೆನ್ನಿಸಿತು. ಎಸೆಯಲಿಲ್ಲ, ಓದಿದರು. ದೇವರು ಮತ್ತೊಂದರಿಂದಲ್ಲದೆ ತನ್ನಿಂದ ತಾನೇ ಇರುವವನೆಂಬ ವಿಚಾರ ಅಲ್ಲಿ ದೊರೆತು ಅವರನ್ನು ಬಿಡದೆ ಹಿಡಿಯಿತು. ಈ ಪ್ರಸಂಗವನ್ನು ನಾವು ಎರಡು ಕಡೆಯಿಂದಲೂ ನೋಡಬೇಕು. ಸಭೆಯ ಮುದ್ರೆಯೇ ಓದುಗನನ್ನು ದೂರ ತಳ್ಳುವ ಗೋಡೆಯಾಯಿತು. ವಿಶ್ವಾಸದ ಗ್ರಂಥವನ್ನು ಅನುಮತಿಯ ಬೇಲಿಯೊಳಗಿಟ್ಟೇ ಕೊಡುವ ನಾವು ಇದನ್ನು ಮರೆಯಬಾರದು. ಆದರೆ ಆ ಗೋಡೆಯಾಚೆ ಸಿಕ್ಕಿದ್ದು ಸಭೆಯು ಕಾಪಾಡಿಕೊಂಡು ಬಂದ ವಿಚಾರವೇ. ಅದನ್ನು ಯಾವ ಮೇಜಿನ ಚರ್ಚೆಯೂ ಹುಟ್ಟಿಸಿದ್ದಲ್ಲ.

ಇಲ್ಲಿಯೇ ನಮ್ಮ ಅನುಮಾನವೂ ಇದೆ. ಗಾಜಾದ ದಾರಿಯಲ್ಲಿ ಫಿಲಿಪ್ಪನು ಕಂಚುಕಿಯ ರಥದ ಬಳಿಗೆ ಓಡಿಹೋಗಿ ಮೊದಲು ಕೇಳಿದ್ದು ಪ್ರಶ್ನೆಯನ್ನೇ. ಆದರೆ ಅವನು ಪ್ರಶ್ನೆಯಲ್ಲಿಯೇ ನಿಲ್ಲಲಿಲ್ಲ. ರಥವನ್ನು ಹತ್ತಿ ಕುಳಿತು ಯೇಸುವಿನ ಸುವಾರ್ತೆಯನ್ನು ಸಾರಿದನು. ಸಂವಾದದ ತರಗತಿ ರಥ ಹತ್ತುವುದಿಲ್ಲ. ಅಲ್ಲಿ ಅಗಸ್ಟಿನನ ಗ್ರಂಥವು ಆತ್ಮಕಥೆಯಾಗುತ್ತದೆ. ಅದು ಆದ್ಯಂತವಾಗಿ ದೇವರನ್ನು ಸಂಬೋಧಿಸಿದ ಪ್ರಾರ್ಥನೆಯೆಂಬುದನ್ನು ಗಮನಿಸಿದರೂ ಯಾರೂ ಆ ಪ್ರಾರ್ಥನೆಯಲ್ಲಿ ಸೇರಬೇಕಾಗಿಲ್ಲ. ಆ ನಷ್ಟವನ್ನು ನಾವು ಲಘುವಾಗಿ ಎಣಿಸುವುದಿಲ್ಲ. ಹಾಗೆಂದು ಪ್ರಶ್ನೆಯನ್ನು ಕೇಳದೆಯೇ ರಥವೇರಿ ಬೋಧಿಸತೊಡಗುವ ನಮ್ಮ ರೂಢಿ ಫಿಲಿಪ್ಪನಿಗೆ ಹೆಚ್ಚು ಹತ್ತಿರವಾದುದೆಂದು ಹೇಳಲೂ ಮನಸ್ಸು ಒಪ್ಪದು. ಅಗಸ್ಟಿನನನ್ನು ತನ್ನ ಹತ್ತೊಂಬತ್ತನೆಯ ವರ್ಷದಲ್ಲಿ ಜ್ಞಾನದತ್ತ ಮೊದಲು ತಿರುಗಿಸಿದ್ದು ಕ್ರೈಸ್ತನಲ್ಲದ ಸಿಸೆರೊ ಬರೆದ ‘ಹಾರ್ಟೆನ್ಸಿಯಸ್’ ಎಂಬ ಪುಸ್ತಕವಲ್ಲವೇ?

ಮೇಜಿನ ಇನ್ನೊಂದು ಕೊರತೆ ಅದರ ಮೇಲೆ ಯಾವ ಪುಸ್ತಕಗಳಿದ್ದವೆಂಬುದರಲ್ಲಿದೆ. 1827ರಲ್ಲಿ ಗಯಟೆ ವಿಶ್ವಸಾಹಿತ್ಯದ ಯುಗವನ್ನು ಸಾರಿದಾಗ ಅವನ ಮನಸ್ಸಿನಲ್ಲಿದ್ದುದು ಆಗತಾನೆ ಓದಿದ್ದ ಚೀನೀ ಕಾದಂಬರಿ. ಕಾಳಿದಾಸನ ಶಾಕುಂತಲವನ್ನು ಅವನು ಹಿಂದೆಯೇ ಮೆಚ್ಚಿದ್ದನು. ನೂರು ವರ್ಷಗಳ ಬಳಿಕ ಅಮೆರಿಕದ ಕಾಲೇಜುಗಳು ಮಹಾಗ್ರಂಥಗಳೆಂದು ಪಟ್ಟಿಮಾಡಿದ್ದು ಯುರೋಪಿನವನ್ನು ಮಾತ್ರ ಎನ್ನಬಹುದು. ಯಾರು ಕಲಿಸಬಹುದೆಂಬುದರಲ್ಲಿಯೂ ಸಂಕೋಚವಿತ್ತು: ಲಯನೆಲ್ ಟ್ರಿಲಿಂಗ್ ಅಲ್ಲಿನ ಇಂಗ್ಲಿಷ್ ವಿಭಾಗದಲ್ಲಿ ಸಹಾಯಕ ಪ್ರಾಧ್ಯಾಪಕ ಹುದ್ದೆಗೇರಿದ ಮೊದಲ ಯೆಹೂದ್ಯರಾದುದು 1939ರಲ್ಲಿ. ಭಾರತ, ಚೀನ, ಜಪಾನ್, ಇಸ್ಲಾಮೀ ಲೋಕಗಳ ಗ್ರಂಥಗಳಿಗೆ ಕೊಲಂಬಿಯಾ ಸಂವಾದದ ತರಗತಿಯೊಂದನ್ನು ತೆರೆದದ್ದು 1949ರಲ್ಲಿ. ಅದನ್ನು ಆರಂಭದಲ್ಲಿ ನಡೆಸಿದವರು ತರುಣ ವಿದ್ವಾಂಸ ಥಿಯೊಡೋರ್ ಡಿ ಬ್ಯಾರಿ, ಜೊತೆಗೆ ರಬ್ಬಿಯ ಶಿಕ್ಷಣ ಪಡೆದು ಗ್ರೀಕ್ ಪಂಡಿತರಾಗಿದ್ದ ಮೋಸಸ್ ಹಡಾಸ್. ಕನ್ನಡದ ವಚನಗಳು ಇಂಗ್ಲಿಷ್ ಓದುವ ವಿದ್ಯಾರ್ಥಿಗಳ ಕೈಗೆ ವ್ಯಾಪಕವಾಗಿ ತಲುಪಲು ಇನ್ನೂ ಕಾಲ ಹಿಡಿಯಿತು. ಷಿಕಾಗೊದಲ್ಲಿ ಅಧ್ಯಾಪಕರಾಗಿದ್ದ ಎ. ಕೆ. ರಾಮಾನುಜನ್ನರ ಅನುವಾದ ಪ್ರಕಟವಾದದ್ದು 1973ರಲ್ಲಿ. ಇದೂ ಅನುವಾದವೇ ಎಂಬುದನ್ನು ಅರ್ಸ್ಕಿನ್ನರ ವಿರೋಧಿಗಳಿಗೆ ನೆನಪಿಸಬಹುದು.

ಪಟ್ಟಿಯಲ್ಲಿಲ್ಲದ ಭಾರತ ಮರ್ಟನ್ನರ ಬದುಕಿಗೆ ಬಂದದ್ದು ತರಗತಿಯ ಹೊರಗೆ. 1938ರಲ್ಲಿ, ಕೊಲಂಬಿಯಾದ ಗೆಳೆಯ ಸೀಮೂರ್ ಫ್ರೀಡ್‌ಗುಡ್‌ರ ಮೂಲಕ, ಬಂಗಾಳದ ವೈಷ್ಣವ ಸಂನ್ಯಾಸಿ ಮಹಾನಾಮಬ್ರತ ಬ್ರಹ್ಮಚಾರಿಯವರ ಪರಿಚಯವಾಯಿತು. ಅವರು ಷಿಕಾಗೊ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದವರು. ಪೂರ್ವದೇಶದ ಅನುಭಾವದ ಬಗ್ಗೆ ಕುತೂಹಲ ತಳೆದಿದ್ದ ತರುಣನಿಗೆ ಅವರು ಹಿಂದೂ ಗ್ರಂಥಗಳನ್ನು ಸೂಚಿಸಬಹುದೆಂದು ಯಾರಾದರೂ ಊಹಿಸಿಯಾರು. ಅವರು ಹೇಳಿದ್ದು ಬೇರೆ: ಕ್ರೈಸ್ತರಲ್ಲಿಯೇ ಸೊಗಸಾದ ಅನುಭಾವದ ಗ್ರಂಥಗಳಿವೆ, ಅಗಸ್ಟಿನನ ‘ಕನ್ಫೆಷನ್ಸ್’ ಮತ್ತು ‘ಕ್ರಿಸ್ತಾನುಕರಣೆ’ಯನ್ನು ಓದಬೇಕು. ಮರ್ಟನ್ ಓದಿದರು. ಅದೇ ವರ್ಷ ನವೆಂಬರ್ 16ರಂದು ಕಾಲೇಜಿಗೆ ಸಮೀಪದ ಕಾರ್ಪಸ್ ಕ್ರಿಸ್ತಿ ದೇವಾಲಯದಲ್ಲಿ ಅವರಿಗೆ ದೀಕ್ಷಾಸ್ನಾನವಾಯಿತು. ಜ್ಞಾನಪಿತೃವಾಗಿ ನಿಂತವರು ಕಥೋಲಿಕ ಸಹಪಾಠಿ ಎಡ್ವರ್ಡ್ ರೈಸ್. ಅಂದು ದೇವಾಲಯದ ಬೆಂಚುಗಳಲ್ಲಿ ಕುಳಿತು ನೋಡುತ್ತಿದ್ದ ಇತರ ಮೂವರು ಗೆಳೆಯರೂ ಕೊಲಂಬಿಯಾದವರು, ಮೂವರೂ ಯೆಹೂದ್ಯರು. ಅವರಲ್ಲಿ ಫ್ರೀಡ್‌ಗುಡ್ ಒಬ್ಬರು.