ಬಾಂಬಿಗೆ ಬರೆದ ಲೆಕ್ಕ, ನಿಧಾನದ ಒತ್ತಿಗೆ

ಗಾಜುವಾಕದಲ್ಲಿ ಉಕ್ಕಿನ ಮಾತು ಬಾರದ ಮನೆ ಕಡಿಮೆ. 1992ರಲ್ಲಿ ದೇಶಕ್ಕೆ ಅರ್ಪಣೆಯಾದ ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆ ಪಕ್ಕದಲ್ಲೇ ಇದೆಯಲ್ಲ! ಇಲ್ಲಿ ನೆಲೆಸಿದ ನಮ್ಮಂಥ ಕನ್ನಡದವರಿಗೂ ಆ ಮಾತು ಅಂಟಿಕೊಂಡಿದೆ. ಹಾಗಾಗಿ ಇವತ್ತು ಉಕ್ಕನ್ನು ಒತ್ತಿ ನೋಡುವ ಪರೀಕ್ಷೆ ಕಂಪ್ಯೂಟರಿನೊಳಕ್ಕೆ ಹೋದ ಕತೆ.

ಪರೀಕ್ಷೆ ಸರಳ. ಶಾವಿಗೆ ಒರಳನ್ನು ಒತ್ತಿದ ಹಾಗೆ, ಯಂತ್ರವೊಂದು ಉಕ್ಕಿನ ಕೊಳವೆಯನ್ನು ಮೇಲಿನಿಂದ ನಿಧಾನವಾಗಿ ಒತ್ತುತ್ತದೆ. ಎಷ್ಟು ಭಾರಕ್ಕೆ ಅದು ಮಡಿಚಿಕೊಂಡಿತು ಅಂತ ನಾವು ಬರೆದುಕೊಳ್ಳುತ್ತೇವೆ. ಆದರೆ ಈ ನಿಧಾನದ ಕೆಲಸಕ್ಕೆ ಇವತ್ತು ಬಳಸುವ ಸಾಫ್ಟ್‌ವೇರ್ ಹುಟ್ಟಿದ್ದು ಯಾವುದಕ್ಕೆ ಗೊತ್ತೇ? ಬಾಂಬಿಗೆ! ಅಮೆರಿಕದ ಲಾರೆನ್ಸ್ ಲಿವರ್ಮೋರ್ ಪ್ರಯೋಗಾಲಯದಲ್ಲಿ ಜಾನ್ ಹಾಲ್‌ಕ್ವಿಸ್ಟ್ ಎಂಬಾತ 1976ರಲ್ಲಿ ಡೈನಾ3ಡಿ ಬರೆದ. ವಿಮಾನದಿಂದ ಬಿದ್ದ ಬಾಂಬು ನೆಲಕ್ಕೆ ಬಡಿದಾಗ ಏನಾಗುತ್ತದೆ ಅನ್ನುವುದು ಅವನ ಪ್ರಶ್ನೆ. ಆಮೇಲೆ ಅದೇ ಎಲ್‌ಎಸ್-ಡೈನಾ ಆಗಿ ಕಾರುಗಳ ಡಿಕ್ಕಿಯ ಲೆಕ್ಕಕ್ಕೆ ಬಂತು. 2019ರಲ್ಲಿ ಆನ್ಸಿಸ್ ಕಂಪನಿ ಅದನ್ನು ಕೊಂಡುಕೊಂಡಿತು.

ನಿಧಾನದ ಒತ್ತಿಗೆ ಇದೇಕೆ ಬೇಕಾಯಿತು? ಇನ್ನೊಂದು ಬಗೆಯ ಲೆಕ್ಕವಿದೆ, ಇಂಪ್ಲಿಸಿಟ್ ಅಂತ. ಅದು ಪ್ರತಿ ಹೆಜ್ಜೆಗೂ ಎಲ್ಲ ಸಮೀಕರಣಗಳನ್ನು ಒಟ್ಟಿಗೆ ಬಿಡಿಸಬೇಕು. ಕೊಳವೆ ಮಡಿಚಿ, ಮಡಿಕೆಗೆ ಮಡಿಕೆ ತಾಗಿದಾಗ ಅದು ಎಷ್ಟೋ ಸಲ ಉತ್ತರ ಸಿಗದೆ ನಿಂತುಬಿಡುತ್ತದೆ. ಎಕ್ಸ್‌ಪ್ಲಿಸಿಟ್ ಹಾಗಲ್ಲ, ಸಣ್ಣ ಸಣ್ಣ ಹೆಜ್ಜೆ ಇಡುತ್ತಾ ಮುಂದೆ ಹೋಗುತ್ತಿರುತ್ತದೆ.

ಎಷ್ಟು ಸಣ್ಣ ಹೆಜ್ಜೆ? ಇದಕ್ಕೆ ಉತ್ತರ ಕಂಪ್ಯೂಟರಿಗಿಂತ ಹಳೆಯದು. 1928ರಲ್ಲೇ ಕೂರಾಂಟ್, ಫ್ರೀಡ್ರಿಕ್ಸ್, ಲೆವಿ ಎಂಬ ಮೂವರು ಗಣಿತಜ್ಞರು ಅದರ ಮಿತಿ ತೋರಿಸಿದ್ದರು. ನಮ್ಮ ಕೊಳವೆಗೆ ಅದರ ಅರ್ಥ ಇಷ್ಟೆ: ಅತಿ ಚಿಕ್ಕ ತುಣುಕನ್ನು ಶಬ್ದ ದಾಟುವಷ್ಟು ಹೊತ್ತಿಗಿಂತ ಹೆಜ್ಜೆ ದೊಡ್ಡದಿರಬಾರದು. ಉಕ್ಕಿನಲ್ಲಿ ಶಬ್ದ ಸೆಕೆಂಡಿಗೆ ಸುಮಾರು 5000 ಮೀಟರ್ ಓಡುತ್ತದೆ. ತುಣುಕು 5 ಮಿಲಿಮೀಟರ್ ಆದರೆ ಹೆಜ್ಜೆ ಒಂದು ಮೈಕ್ರೋಸೆಕೆಂಡ್. ಒಂದು ನಿಮಿಷದ ಪರೀಕ್ಷೆಗೆ 6 ಕೋಟಿ ಹೆಜ್ಜೆ... ಯಾರು ಕಾಯುತ್ತಾರೆ ಸ್ವಾಮಿ!

ಅದಕ್ಕೇ ಎಂಜಿನಿಯರುಗಳು ಎರಡು ಉಪಾಯ ಹಿಡಿದರು. ನಿಮಿಷದ ಕೆಲಸವನ್ನು 60 ಮಿಲಿಸೆಕೆಂಡಿನಲ್ಲಿ ಮುಗಿಸಿದರೆ 60 ಸಾವಿರ ಹೆಜ್ಜೆ ಸಾಕು. ಇಲ್ಲವೇ ಉಕ್ಕಿನ ಸಾಂದ್ರತೆಯನ್ನು ಸುಳ್ಳಾಗಿ 100 ಪಟ್ಟು ಏರಿಸಿದರೆ ಹೆಜ್ಜೆ 10 ಪಟ್ಟು ಉದ್ದವಾಗುತ್ತದೆ. ಇದಕ್ಕೆ ಮಾಸ್ ಸ್ಕೇಲಿಂಗ್ ಅಂತ ಹೆಸರು.

ನನ್ನ ಕೇಳಿದರೆ ಅಪಾಯ ಇರುವುದು ಇಲ್ಲೇ. ಅವಸರ ಅತಿಯಾದರೆ ಕೊಳವೆಯ ಜಡತ್ವವೇ ಒತ್ತಿಗೆ ಎದುರು ನಿಲ್ಲುತ್ತದೆ. ಆಗ ಪರದೆಯ ಮೇಲೆ ಕೊಳವೆ ಇರುವುದಕ್ಕಿಂತ ಗಟ್ಟಿಯಾಗಿ ಕಾಣುತ್ತದೆ. ಅದನ್ನು ನಂಬಿ ಯಾರಾದರೂ ತೆಳು ಕಂಬ ನಿಲ್ಲಿಸಿದರೆ? ಅದಕ್ಕೇ ಚಲನ ಶಕ್ತಿ, ಒಳಗಿನ ಶಕ್ತಿಯ ನೂರಕ್ಕೆ 5-10 ದಾಟದಂತೆ ನೋಡಿಕೊಳ್ಳುವ ರೂಢಿ ಬಂತು. ನನಗೆ ಅದಕ್ಕಿಂತ ಹಿಡಿಸುವುದು ಇನ್ನೊಂದು ಪರೀಕ್ಷೆ: ಮೇಲಿನ ತಟ್ಟೆಯ ಬಲವನ್ನೂ ಕೆಳಗಿನ ತಟ್ಟೆಯ ಬಲವನ್ನೂ ಪಕ್ಕಪಕ್ಕ ಇಟ್ಟು ನೋಡುವುದು. ನಿಜಕ್ಕೂ ನಿಧಾನವಾಗಿ ಒತ್ತಿದ್ದರೆ ಎರಡೂ ಹೆಚ್ಚುಕಮ್ಮಿ ಒಂದೇ ಇರಬೇಕು. ಮೇಲೆ ಹೆಚ್ಚು, ಕೆಳಗೆ ಕಡಿಮೆ ಬಂತೋ, ಅಲ್ಲಿ ನಡೆದದ್ದು ಒತ್ತುವ ಪರೀಕ್ಷೆಯಲ್ಲ, ಸುತ್ತಿಗೆ ಏಟು.