ಕಾರು ವಿಮೆ: ಯಾವುದು ಯಾವುದಕ್ಕೆ?

ಕಾರಿಗೆ ವಿಮೆ ಇದೆ ಎಂದು ನಾವೆಲ್ಲರೂ ಹೇಳುತ್ತೇವೆ. ಯಾವ ವಿಮೆ ಎಂದು ಕೇಳಿದರೆ ಮಾತ್ರ ಪಾಲಿಸಿ ಪತ್ರ ಹುಡುಕಬೇಕಾಗುತ್ತದೆ. ಆದುದರಿಂದ ಇದರ ಮುಖ್ಯ ವಿಧಗಳನ್ನು ಇಲ್ಲಿ ಸಂಕ್ಷಿಪ್ತವಾಗಿ ತಿಳಿಸುತ್ತಿದ್ದೇವೆ.

ಥರ್ಡ್ ಪಾರ್ಟಿ ವಿಮೆ: 1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಇದು ಕಡ್ಡಾಯ. ನಮ್ಮ ಕಾರಿನಿಂದ ಇತರರಿಗೆ ಆಗುವ ಸಾವು, ಗಾಯ ಹಾಗೂ ಆಸ್ತಿ ಹಾನಿಗೆ ಇದು ಪರಿಹಾರ ಕೊಡುತ್ತದೆ. ನಮ್ಮ ಕಾರಿನ ದುರಸ್ತಿಗೆ ಇದರಿಂದ ಒಂದು ರೂಪಾಯಿಯೂ ಸಿಗದು.

ಸ್ವಂತ ಹಾನಿ ವಿಮೆ: ಅಪಘಾತ, ಬೆಂಕಿ, ಕಳವು, ನೆರೆಯಿಂದ ನಮ್ಮ ಕಾರಿಗಾಗುವ ನಷ್ಟಕ್ಕೆ. ಇವೆರಡೂ ಸೇರಿದರೆ ಸಮಗ್ರ ವಿಮೆ. ಕಾರು ಕಳವಾದರೆ ಖರೀದಿಸಿದ ಬೆಲೆ ಸಿಗುವುದಿಲ್ಲ. ಸವಕಳಿ ಕಳೆದು ಪಾಲಿಸಿಯಲ್ಲಿ ನಮೂದಿಸಿದ ಮೌಲ್ಯವಷ್ಟೇ ಸಿಗುತ್ತದೆ.

ವೈಯಕ್ತಿಕ ಅಪಘಾತ ವಿಮೆ: ಚಾಲನಾ ಪರವಾನಗಿ ಇರುವ ಮಾಲೀಕರೇ ಕಾರು ಓಡಿಸುವಾಗ ಮರಣ ಅಥವಾ ಶಾಶ್ವತ ಸಂಪೂರ್ಣ ಅಂಗವೈಕಲ್ಯ ಉಂಟಾದರೆ 15 ಲಕ್ಷ ರೂಪಾಯಿ.

ಹೆಚ್ಚುವರಿ ಕವರ್: ಪ್ಲಾಸ್ಟಿಕ್ ಬಿಡಿಭಾಗ ಬದಲಿಸಿದಾಗ ಸವಕಳಿಯೆಂದು ಶೇ. 50 ಕಡಿತವಾಗುತ್ತದೆ, ಇದನ್ನು ತಪ್ಪಿಸಲು ಝೀರೋ ಡೆಪ್ರಿಸಿಯೇಶನ್ ಇದೆ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಎಂಜಿನ್ ರಕ್ಷಣೆಯ ಕವರ್ ಬಹಳ ಮುಖ್ಯ. ನೀರು ಹೊಕ್ಕು ಎಂಜಿನ್ ಕೆಟ್ಟರೆ ಬರೀ ಸಮಗ್ರ ವಿಮೆಯಲ್ಲಿ ಸಾಮಾನ್ಯವಾಗಿ ಪರಿಹಾರ ಸಿಗದು. ನೀರಿನಲ್ಲಿ ನಿಂತ ಕಾರನ್ನು ಮತ್ತೆ ಸ್ಟಾರ್ಟ್ ಮಾಡದೆ ಎಳೆಸಿಕೊಂಡು ಹೋಗುವುದೇ ಲೇಸು.

ಕ್ಲೇಮ್ ಮಾಡದ ವರ್ಷಗಳಿಗೆ ಸ್ವಂತ ಹಾನಿ ಕಂತಿನಲ್ಲಿ ಶೇ. 20ರಿಂದ 50ರವರೆಗೆ ರಿಯಾಯಿತಿಯುಂಟು. ಅವಧಿ ಮುಗಿದು 90 ದಿನಗಳೊಳಗೆ ನವೀಕರಿಸದಿದ್ದರೆ ಅದು ನಷ್ಟವಾಗುತ್ತದೆ.

ವಿಮೆಯಿಲ್ಲದ ಕಾರು ದಾರಿಹೋಕರೊಬ್ಬರ ಜೀವ ತೆಗೆದರೆ, ಆ ಕುಟುಂಬಕ್ಕೆ ಪರಿಹಾರ ಕೊಡುವ ಹೊಣೆ ಮಾಲೀಕರ ಮೇಲೆಯೇ ಬೀಳುತ್ತದೆ. ಇಂದೇ ಪಾಲಿಸಿ ತೆರೆದು ದಿನಾಂಕ ನೋಡಿಕೊಳ್ಳೋಣ.