ಕೆಳಗಿನ ತಂತಿಯ ಮಾತು



ಪಕ್ಕದ ಮನೆಯಲ್ಲಿ ಯಾರೋ ರಾಕ್ ಸಂಗೀತವನ್ನು ಜೋರಾಗಿ ಹಾಕಿದ್ದಾರೆ ಎಂದುಕೊಳ್ಳಿ. ಗೋಡೆಯನ್ನು ದಾಟಿ ನಿಮ್ಮವರೆಗೆ ಬರುವುದು ಹಾಡುಗಾರನ ಮಾತೂ ಅಲ್ಲ, ಗಿಟಾರಿನ ಚೀತ್ಕಾರವೂ ಅಲ್ಲ. ಎದೆಗೆ ತಾಗುವ, ಗುಂಯ್‌ಗುಡುವ ಒಂದು ಕೆಳದನಿ ಮಾತ್ರ ಬರುತ್ತದೆ. ಅದು ಬೇಸ್ ಗಿಟಾರಿನದು. ವೇದಿಕೆಯ ಮುಂದೆ ಕುಳಿತಾಗ ನಾವು ಗಮನಿಸದ ಈ ವಾದ್ಯವನ್ನು ನುಡಿಸುತ್ತಲೇ ಒಂದು ಸಂಗೀತ ಪ್ರಕಾರದ ಹುಟ್ಟಿಗೆ ಕಾರಣನಾದ ಒಬ್ಬ ವಾದಕನ ಕಥೆಯನ್ನು ಇಂದು ತಿಳಿಯೋಣ.

ಬೇಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ತಂತಿಗಳು. ಸಾಧಾರಣ ಗಿಟಾರಿನ ಕೆಳಗಿನ ನಾಲ್ಕು ತಂತಿಗಳ ಸ್ವರಗಳೇ ಇಲ್ಲಿ ಒಂದು ಸ್ಥಾಯಿ ತಗ್ಗಿನಲ್ಲಿ ಕೇಳುತ್ತವೆ. ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ 'ಪ್ರಿಸಿಷನ್ ಬೇಸ್' ಈ ವಾದ್ಯವನ್ನು ಜನಪ್ರಿಯಗೊಳಿಸಿತು. ಡ್ರಮ್ಮಿನ ಜೊತೆ ಲಯವನ್ನು ಹಿಡಿಯುವುದು, ಹಾಡಿನ ಆಧಾರ ಸ್ವರವನ್ನು ಕಾಯುವುದು ಇದರ ರೂಢಿಯ ಕೆಲಸ. ಮೃದಂಗದ ಎಡಮುಖವನ್ನು ಗಮನಿಸಿ ಕೇಳಿದವರಿಗೆ ಈ ಕೆಲಸದ ಮಹತ್ವ ಸುಲಭವಾಗಿ ತಿಳಿಯುತ್ತದೆ.

ನಮ್ಮ ಕಥಾನಾಯಕನ ಹೆಸರು ಟೆರೆನ್ಸ್ ಬಟ್ಲರ್. ಜಗತ್ತು ಅವರನ್ನು ಗೀಜರ್ ಬಟ್ಲರ್ ಎಂದು ಬಲ್ಲದು. ನಮ್ಮ ಬಚ್ಚಲುಮನೆಯ ಗೀಜರಿಗೂ ಈ ಹೆಸರಿಗೂ ಸಂಬಂಧವಿಲ್ಲ. ಇಂಗ್ಲೆಂಡಿನ ಆಡುಮಾತಿನಲ್ಲಿ ಗೀಜರ್ ಎಂದರೆ 'ಮನುಷ್ಯ', 'ಆಸಾಮಿ' ಎಂದಷ್ಟೇ ಅರ್ಥ. ಬಾಲ್ಯದಲ್ಲಿ ಎಲ್ಲರನ್ನೂ ಹಾಗೆ ಕರೆಯುತ್ತಿದ್ದ ಹುಡುಗನಿಗೆ ಕೊನೆಗೆ ಆ ಹೆಸರೇ ಅಂಟಿಕೊಂಡಿತು.

ಅವರು ಹುಟ್ಟಿದ್ದು 1949ರ ಜುಲೈ 17ರಂದು, ಬರ್ಮಿಂಗ್‌ಹ್ಯಾಮ್ ನಗರದ ಆಸ್ಟನ್ ಎಂಬ ಬಡಾವಣೆಯಲ್ಲಿ. ಐರ್ಲೆಂಡಿನಿಂದ ಬಂದ ಕ್ಯಾಥೊಲಿಕ್ ಕಾರ್ಮಿಕ ಕುಟುಂಬದ ಏಳು ಮಕ್ಕಳಲ್ಲಿ ಇವರೇ ಕಿರಿಯರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ವಿಮಾನಗಳು ಈ ಕೈಗಾರಿಕಾ ನಗರದ ಮೇಲೆ ಭಾರಿ ಬಾಂಬ್ ದಾಳಿ ನಡೆಸಿದ್ದವು. ಯುದ್ಧ ಮುಗಿದ ಮೇಲೆ ಹುಟ್ಟಿದ ಮಕ್ಕಳೂ ಆ ದಾಳಿಯ ಹಾಳು ನಿವೇಶನಗಳ ನಡುವೆಯೇ ಬೆಳೆದರು. ಶಾಲೆ ಮುಗಿದರೆ ಕಾರ್ಖಾನೆ, ಇದು ಅಲ್ಲಿನ ಹುಡುಗರ ಮುಂದಿದ್ದ ದಾರಿ.

ಆ ದಾರಿಯಲ್ಲಿ ನಡೆದ ಒಂದು ಅವಘಡವನ್ನು ನೀವು ತಿಳಿಯಲೇಬೇಕು. ಟೋನಿ ಅಯೋಮಿ ಎಂಬ ಎಡಗೈ ಗಿಟಾರ್ ವಾದಕ ಲೋಹದ ತಗಡಿನ ಕಾರ್ಖಾನೆಯಲ್ಲಿ ದುಡಿಯುತ್ತಿದ್ದ. 17ನೆಯ ವಯಸ್ಸಿನಲ್ಲಿ, ಕೆಲಸದ ಕೊನೆಯ ದಿನವೇ, ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳುಗಳ ತುದಿ ಹೋಯಿತು. ತಂತಿ ಒತ್ತಬೇಕಾದ ಬೆರಳುಗಳೇ ಅವು! ಆತ ಪ್ಲಾಸ್ಟಿಕ್ ಬಾಟಲಿಯನ್ನು ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ, ತೆಳುವಾದ ತಂತಿಗಳನ್ನು ಹಾಕಿದ. ಮುಂದೆ ತಂತಿಗಳ ಬಿಗಿಯನ್ನೇ ಸಡಿಲಿಸಿದ. ತಂತಿ ಸಡಿಲವಾದರೆ ಒತ್ತುವುದು ಸುಲಭ, ಆದರೆ ಸ್ವರ ಕೆಳಗಿಳಿಯುತ್ತದೆ. ಹೀಗೆ ಒಬ್ಬ ಕಾರ್ಮಿಕನ ಗಾಯದಿಂದ ಹೆವಿ ಮೆಟಲ್ ಸಂಗೀತದ ಭಾರವಾದ ನಾದ ರೂಪುಗೊಂಡಿತು.

ಬಟ್ಲರ್ ಆಗ ಲೆಕ್ಕಪತ್ರದ ಕೆಲಸ ಕಲಿಯುತ್ತಿದ್ದ, ಗಿಟಾರ್ ನುಡಿಸುತ್ತಿದ್ದ ಯುವಕ. 1968ರಲ್ಲಿ ಅವರು ಅಯೋಮಿ, ಗಾಯಕ ಓಜಿ ಆಸ್ಬರ್ನ್ ಮತ್ತು ಡ್ರಮ್ ವಾದಕ ಬಿಲ್ ವಾರ್ಡ್ ಜೊತೆ ಸೇರಿದರು. ಆದರೆ ತಂಡಕ್ಕೆ ಎರಡನೆಯ ಗಿಟಾರ್ ಬೇಡವಾಗಿತ್ತು. ಬಟ್ಲರ್ ಮುನಿಸಿಕೊಂಡು ಹೊರಟುಹೋಗಲಿಲ್ಲ, ಗಿಟಾರ್ ಬಿಟ್ಟು ಬೇಸ್ ಹಿಡಿದರು. 'ಕ್ರೀಮ್' ತಂಡದ ಜ್ಯಾಕ್ ಬ್ರೂಸ್ ಅವರ ವಾದನ ಅವರಿಗೆ ಮಾದರಿಯಾಯಿತು. ಬ್ರೂಸ್ ಬೇಸ್ ಗಿಟಾರನ್ನು ಕಾವಲುಗಾರನಂತೆ ಒಂದೆಡೆ ನಿಲ್ಲಿಸದೆ, ಸ್ವತಂತ್ರವಾಗಿ ಹಾಡುವ ವಾದ್ಯವನ್ನಾಗಿ ಮಾಡಿದ್ದರು. 1969ರಲ್ಲಿ ಈ ನಾಲ್ವರ ತಂಡ ಒಂದು ಭಯಾನಕ ಚಲನಚಿತ್ರದ ಹೆಸರನ್ನೇ ತನ್ನದಾಗಿಸಿಕೊಂಡು 'ಬ್ಲ್ಯಾಕ್ ಸಬ್ಬತ್' ಆಯಿತು.

ಬಟ್ಲರ್ ಶೈಲಿಯ ಗುಟ್ಟು ಏನು? ಮೊದಲನೆಯದಾಗಿ, ಅವರು ಮೀಟುಗಡ್ಡಿಯನ್ನು ಬಿಟ್ಟು ಬೆರಳುಗಳಿಂದಲೇ, ಅದೂ ಬಲವಾಗಿ ಮೀಟುತ್ತಾರೆ. ತಂತಿ ಮನೆಗಳಿಗೆ ಬಡಿದು ಹೊಮ್ಮುವ ಒರಟು ಸದ್ದೂ ನಾದದ ಭಾಗವಾಗುತ್ತದೆ. ಎರಡನೆಯದಾಗಿ, ಅಯೋಮಿ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರವನ್ನು ಬಾಗಿಸಿದಾಗ, ಬಟ್ಲರ್ ಕೂಡ ದಪ್ಪ ತಂತಿಯನ್ನು ಎಳೆದು ಜೊತೆಗೆ ಬಾಗಿಸುತ್ತಾರೆ. ಎರಡು ವಾದ್ಯಗಳು ಸೇರಿ ಒಂದೇ ದೈತ್ಯ ವಾದ್ಯದಂತೆ ಕೇಳುತ್ತವೆ. ಮೂರನೆಯದೇ ಮುಖ್ಯ. ತಂಡದಲ್ಲಿ ಇದ್ದುದು ಒಂದೇ ಗಿಟಾರ್. ವೇದಿಕೆಯ ಮೇಲೆ ಅದು ತನ್ನ ಪಲ್ಲವಿಯನ್ನು ಬಿಟ್ಟು ಆಲಾಪಕ್ಕೆ ಹೊರಟರೆ ಕೆಳಗಿನ ನೆಲವೇ ಖಾಲಿಯಾಗುತ್ತದೆ. ಆಗ ಬಟ್ಲರ್ ಅದನ್ನು ತುಂಬುತ್ತಾರೆ. ಕೇವಲ ಆಧಾರ ಸ್ವರವನ್ನು ಬಡಿಯುತ್ತ ನಿಲ್ಲುವುದಿಲ್ಲ, ಮೇಲೆ ಕೇಳಿದ ಮಾತಿಗೆ ಕೆಳಗಿನಿಂದ ಉತ್ತರ ಕೊಡುತ್ತಾರೆ. ಅನುಸರಿಸುವುದಕ್ಕೂ ಆಲಿಸಿ ಉತ್ತರಿಸುವುದಕ್ಕೂ ಇರುವ ವ್ಯತ್ಯಾಸ ಇದೇ ಅಲ್ಲವೇ?

1970ರ ಫೆಬ್ರವರಿ 13ರಂದು ಬಂದ ತಂಡದ ಮೊದಲ ಧ್ವನಿಮುದ್ರಿಕೆ ಹೆಚ್ಚುಕಡಿಮೆ ಒಂದೇ ದಿನದಲ್ಲಿ ನುಡಿಸಿ ಮುಗಿಸಿದ್ದು. ತಂಡದ ಹೆಸರನ್ನೇ ಹೊತ್ತ ಅದರ ಮೊದಲ ಹಾಡಿನ ಮೂಲದಲ್ಲೂ ಬಟ್ಲರ್ ಇದ್ದಾರೆ. ಗುಸ್ತಾವ್ ಹೋಲ್ಸ್ಟ್ 1914ರಲ್ಲಿ ರಚಿಸಿದ 'ಮಾರ್ಸ್' ಎಂಬ ಯುದ್ಧಗ್ರಹದ ಸಂಗೀತ ಅವರಿಗೆ ಬಹಳ ಪ್ರಿಯ. ಅದರ ತುಣುಕನ್ನು ಬೇಸ್‌ನಲ್ಲಿ ನುಡಿಸುತ್ತಿದ್ದುದೇ ಅಯೋಮಿಯ ಪ್ರಸಿದ್ಧ ಪಲ್ಲವಿಗೆ ಪ್ರೇರಣೆಯಾಯಿತು. ಷಡ್ಜ, ಮೇಲಿನ ಷಡ್ಜ, ಬಳಿಕ ಪ್ರತಿಮಧ್ಯಮ: ಮೂರೇ ಸ್ವರಗಳು, ಅತಿ ನಿಧಾನ ಗತಿ. ಅದೇ ಧ್ವನಿಮುದ್ರಿಕೆಯ 'ಎನ್.ಐ.ಬಿ.' ಹಾಡಿಗೆ ಮುನ್ನ ಬಟ್ಲರ್ ಒಬ್ಬರೇ ಬೇಸ್ ನುಡಿಸುತ್ತಾರೆ. 1971ರ 'ಮಾಸ್ಟರ್ ಆಫ್ ರಿಯಾಲಿಟಿ'ಯ ಹಲವು ಹಾಡುಗಳಲ್ಲಿ ವಾದ್ಯಗಳು ಮೂರು ಅರ್ಧಸ್ವರ ಕೆಳಗಿಳಿದವು. ಬೇಸ್‌ನ ದಪ್ಪ ತಂತಿಯ ಕಂಪನ 41ರಿಂದ ಸುಮಾರು 35ಕ್ಕೆ ಇಳಿಯಿತು.

ಇನ್ನೊಂದು ಸಂಗತಿ ನಿಮಗೆ ಅಚ್ಚರಿ ತರಬಹುದು. ತಂಡದ ಆ ಕಾಲದ ಹಾಡುಗಳ ಸಾಹಿತ್ಯವನ್ನು ಬಹುಪಾಲು ಬರೆದವರು ಹಾಡುಗಾರನಲ್ಲ, ಪಕ್ಕದಲ್ಲಿ ಮೌನವಾಗಿ ನಿಂತಿದ್ದ ಬಟ್ಲರ್. ವಿಯೆಟ್ನಾಂ ಯುದ್ಧ ನಡೆಯುತ್ತಿದ್ದ ದಿನಗಳವು. 1970ರ 'ಪ್ಯಾರನಾಯ್ಡ್' ಧ್ವನಿಮುದ್ರಿಕೆಯ 'ವಾರ್ ಪಿಗ್ಸ್' ಹಾಡು, ಬಡವರ ಮಕ್ಕಳನ್ನು ಸಾಯಲು ಕಳಿಸಿ ತಾವು ಸುರಕ್ಷಿತವಾಗಿ ಕೂರುವ ಯುದ್ಧಕೋರರನ್ನು ಖಂಡಿಸುತ್ತದೆ. 'ಹ್ಯಾಂಡ್ ಆಫ್ ಡೂಮ್' ಯುದ್ಧದಿಂದ ಮಾದಕ ವ್ಯಸನ ಹೊತ್ತು ಮರಳಿದ ಸೈನಿಕರ ಪಾಡನ್ನು ಹೇಳುತ್ತದೆ. ತಂಡದ ಹೆಸರನ್ನೂ ಕಪ್ಪು ಉಡುಪನ್ನೂ ಕಂಡು ಇದು ಸೈತಾನನ ಆರಾಧನೆ ಎಂದು ದೂರಿದವರು ಅನೇಕರು. ಆದರೆ ಬಾಂಬ್ ಬಿದ್ದ ಬೀದಿಯಲ್ಲಿ ಬೆಳೆದ ಹುಡುಗ ಕಂಡ ಸೈತಾನ ಯುದ್ಧವೇ ಆಗಿತ್ತು.

ಮುಂದಿನ ದಾರಿ ನೇರವಾಗಿರಲಿಲ್ಲ. 1980ರ ದಶಕದಲ್ಲಿ ಬಟ್ಲರ್ ತಂಡವನ್ನು ಬಿಟ್ಟರು, 1992ರ 'ಡಿಹ್ಯುಮನೈಸರ್' ಹೊತ್ತಿಗೆ ಮರಳಿದ್ದರು. 2013ರಲ್ಲಿ ಬಂದ '13' ಎಂಬ ಧ್ವನಿಮುದ್ರಿಕೆ ಬ್ರಿಟನ್ ಮತ್ತು ಅಮೆರಿಕ ಎರಡರಲ್ಲೂ ಮೊದಲ ಸ್ಥಾನ ಪಡೆಯಿತು. 2023ರಲ್ಲಿ ಅವರ ಆತ್ಮಕಥೆ ಪ್ರಕಟವಾಯಿತು. 2025ರ ಜುಲೈ 5ರಂದು ಮೂಲದ ನಾಲ್ವರೂ 2005ರ ನಂತರ ಮೊದಲ ಬಾರಿಗೆ ಒಂದೇ ವೇದಿಕೆಗೆ ಬಂದರು. ಸ್ಥಳ, ಅದೇ ಆಸ್ಟನ್ನಿನ ವಿಲ್ಲಾ ಪಾರ್ಕ್ ಫುಟ್‌ಬಾಲ್ ಮೈದಾನ. ಓಜಿ ಆಸ್ಬರ್ನ್ ನಿಲ್ಲಲಾಗದೆ ಕುಳಿತೇ ಹಾಡಿದರು. 'ವಾರ್ ಪಿಗ್ಸ್', 'ಎನ್.ಐ.ಬಿ.', 'ಐರನ್ ಮ್ಯಾನ್', 'ಪ್ಯಾರನಾಯ್ಡ್' ಎಂಬ ನಾಲ್ಕೇ ಹಾಡುಗಳು. ನಾಲ್ಕರ ಸಾಹಿತ್ಯವೂ ಮುಖ್ಯವಾಗಿ ಬಟ್ಲರ್ ಅವರದೇ. ಹದಿನೇಳು ದಿನಗಳ ಬಳಿಕ, ಜುಲೈ 22ರಂದು, ಓಜಿ ತೀರಿಕೊಂಡರು.

ಮಿತ್ರರೇ, ಅವಕಾಶ ಸಿಕ್ಕರೆ 'ವಾರ್ ಪಿಗ್ಸ್' ಹಾಡಿನ ಆರಂಭವನ್ನು ಎರಡು ಸಲ ಕೇಳಿ. ಮೊದಲ ಸಲ ಎಂದಿನಂತೆ ಕೇಳಿ. ಎರಡನೆಯ ಸಲ ಗಿಟಾರನ್ನು ಮರೆತು, ಅದರ ದೀರ್ಘ ಸ್ವರಗಳ ಅಡಿಯಲ್ಲಿ ಓಡಾಡುವ ಕೆಳದನಿಯ ಬೆನ್ನು ಹತ್ತಿ. ಬೇಡವೆನಿಸಿಕೊಂಡ ಎರಡನೆಯ ಗಿಟಾರ್ ವಾದಕ, ತನಗೆ ಉಳಿದ ಜಾಗದಲ್ಲಿ ನಿಂತು ಏನನ್ನು ಕಟ್ಟಿದ ಎಂಬುದು ಆಗ ನಿಮ್ಮ ಕಿವಿಗೇ ಗೊತ್ತಾಗುತ್ತದೆ.